ಖಂಡೆ ಪೂಜೆಯ ದಿನ ಹಾಕಿದ ಹೊಸ ಸಿಸ್ಟಮ್

ಕಂಪ್ಯೂಟರ್ ತೆರೆಯ ಮೂಲೆಯಲ್ಲಿ ಆಗಾಗ ಒಂದು ಚೀಟಿ ಏಳುತ್ತದೆ. ಹೊಸ ಸಿಸ್ಟಮ್ ಬಂದಿದೆ, ಈಗಲೇ ಹಾಕಿಕೊಳ್ಳುತ್ತೀರಾ, ಆಮೇಲೆ ನೆನಪಿಸಲೇ ಎಂದು ಕೇಳುತ್ತದೆ. ಮೂವತ್ತೊಂದು ವರ್ಷ ನನಗೆ ಸಂಬಳ ಬಂದದ್ದು ಬಹುಪಾಲು ಈ ಪ್ರಶ್ನೆಗೆ ಉತ್ತರ ಕೊಡುವುದಕ್ಕೆ. ಅದರಲ್ಲಿ ಅರ್ಧ ಸಲ ನಾನು ತಪ್ಪು ಉತ್ತರವನ್ನೇ ಕೊಟ್ಟೆ. ಆದ್ದರಿಂದ ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಬುದ್ಧಿ ಹೇಳುವ ಅಧಿಕಾರ ನನಗೆ ಪೂರ್ತಿ ಇದೆ ಎಂದುಕೊಂಡು ಬರೆಯಲು ಕೂತಿದ್ದೇನೆ.

ನಮ್ಮದು ಒಂದು ಖಾಸಗಿ ಸಂಸ್ಥೆ. ಯಾದಗಿರಿಯಲ್ಲಿ ಕಚೇರಿ ಮತ್ತು ಕಾಲೇಜು, ಸುರಪುರದಲ್ಲಿ ಹೈಸ್ಕೂಲು, ಶಹಾಪುರದಲ್ಲಿ ಒಂದು ಸಣ್ಣ ಕಣ್ಣಿನ ದವಾಖಾನೆ. ಮೂರೂ ಊರಿನ ಕಂಪ್ಯೂಟರುಗಳಿಗೆ ನಾನೊಬ್ಬಳೇ ದಿಕ್ಕು. ಟೈಪಿಂಗ್ ಕಲಿತಿದ್ದೆ ಎಂಬ ಒಂದೇ ಕಾರಣಕ್ಕೆ ಆ ಕೆಲಸ ನನ್ನ ಕೊರಳಿಗೆ ಬಿತ್ತು. ಟೈಪ್‌ರೈಟರಿನ ಕೀಲಿಮಣೆಯೂ ಕಂಪ್ಯೂಟರಿನದೂ ಒಂದೇ ತರ ಇದೆ, ಅಂದಮೇಲೆ ಒಳಗಿರುವುದೂ ಒಂದೇ ಇರಬೇಕು ಎಂದು ನಮ್ಮ ಕಾರ್ಯದರ್ಶಿ ಶರಣಗೌಡರು ತೀರ್ಮಾನಿಸಿದ್ದರು. ವಾರದಲ್ಲಿ ಎರಡು ದಿನ ಯಾದಗಿರಿ, ಎರಡು ದಿನ ಶಹಾಪುರ, ಎರಡು ದಿನ ಸುರಪುರ. ಬಡ್ತಿ ಯಾವಾಗ ಬಂತು, ಎಷ್ಟು ಬಂತು ಎಂದು ಕೇಳಬೇಡಿ. ಹುದ್ದೆಯ ಹೆಸರು ನಾಲ್ಕು ಸಲ ಬದಲಾಯಿತು, ಕೂಡುವ ಕುರ್ಚಿ ಮಾತ್ರ ಅದೇ ಇತ್ತು.

ಶರಣಗೌಡರಿಗೆ ಹೊಸದು ಅಂದರೆ ಜೀವ. ಮೊದಲ ಕಂಪ್ಯೂಟರ್ ಬಂದಾಗ ಆ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕೆಂದು ಬಾಗಿಲಿಗೆ ಬರೆಸಿ ಹಾಕಿದರು. ತಮ್ಮ ಕೋಣೆಯ ಕೂಲರನ್ನು ಎತ್ತಿಸಿ ಅದರ ಮುಂದೆ ಇಡಿಸಿದರು. ಬೇಸಿಗೆಯಲ್ಲಿ ಮೇಷ್ಟ್ರುಗಳೆಲ್ಲ ಒಬ್ಬೊಬ್ಬರಾಗಿ ಬಂದು, ಇದು ಹೇಗೆ ನಡೆಯುತ್ತದೆ, ಅದು ಹೇಗೆ ನಡೆಯುತ್ತದೆ ಎಂದು ತಾಸುಗಟ್ಟಲೆ ಕೇಳುತ್ತಿದ್ದರು. ಯಾದಗಿರಿಯ ಅಧ್ಯಾಪಕರಿಗೆ ಎಂಥ ಜ್ಞಾನದಾಹ ಎಂದು ನಾನು ಬೆರಗಾಗಿದ್ದೆ. ಮಳೆಗಾಲ ಬಂದ ಮೇಲೆ ಒಬ್ಬರೂ ಬರಲಿಲ್ಲ.

ಆಗ ಊರಿಂದ ಊರಿಗೆ ಮಾಹಿತಿ ಹೋಗುತ್ತಿದ್ದದ್ದು ಫ್ಲಾಪಿಯಲ್ಲಿ, ಅಂದರೆ ಬಸ್ಸಿನಲ್ಲಿ. ಒಂದು ಸಲ ಸುರಪುರದ ಮಕ್ಕಳ ಹೆಸರಿನ ಪಟ್ಟಿಯನ್ನು ತರುವಾಗ ಸೀಟು ಸಿಗದೆ ಡ್ರೈವರ್ ಪಕ್ಕದ ಎಂಜಿನ್ ಮೇಲೆ ಕೂತೆ. ಫ್ಲಾಪಿಗಳ ಚೀಲವನ್ನೂ ಜೋಪಾನವಾಗಿ ಅಲ್ಲೇ ಇಟ್ಟುಕೊಂಡೆ. ಯಾದಗಿರಿಯಲ್ಲಿ ಇಳಿದು ನೋಡಿದರೆ ಅವು ಕರಿದ ಹಪ್ಪಳದ ಹಾಗೆ ಸೊಟ್ಟಗಾಗಿದ್ದವು. ಶರಣಗೌಡರು ಒಂದನ್ನು ಬೆಳಕಿಗೆ ಹಿಡಿದು ನೋಡಿ, "ಹೆಸರು ಎಲ್ಲಾ ಒಳಗೇ ಅದಾವಲ್ಲ, ಇಸ್ತ್ರಿ ಮಾಡಿದ್ರ ಬರಂಗಿಲ್ಲೇನು?" ಎಂದರು. ಅವರು ತಮಾಷೆ ಮಾಡಿದರೋ, ನಿಜವಾಗಿ ಕೇಳಿದರೋ ಇವತ್ತಿಗೂ ನನಗೆ ಗೊತ್ತಿಲ್ಲ.

ಆ ತಪ್ಪುಗಳೆಲ್ಲ ಅಜ್ಞಾನದಿಂದ ಆದವು, ಅವಕ್ಕೆ ಕ್ಷಮೆ ಇದೆ. ಆತುರದಿಂದ ಆದವಕ್ಕೆ ಇಲ್ಲ. ಹೊಸ ಆಪರೇಟಿಂಗ್ ಸಿಸ್ಟಮ್ಮನ್ನು ಎಲ್ಲರಿಗಿಂತ ಮೊದಲು ಹಾಕಿಕೊಳ್ಳುವ ಚಟ ನನಗೆ ಅಂಟಿದ್ದು ಎರಡನೇ ಕಂಪ್ಯೂಟರ್ ಬಂದಾಗ. ಕಾಲೇಜಿನಲ್ಲಿ ಪೂರ್ವಸಿದ್ಧತಾ ಪರೀಕ್ಷೆಗೆ ನಾಲ್ಕೇ ದಿನ ಇತ್ತು. ಹೊಸ ಸಿಸ್ಟಮ್ಮಿನ ಡಿಸ್ಕು ಅದೇ ಆಗ ಕೈಗೆ ಬಂದಿತ್ತು. ಹಾಕಿದೆ. ತೆರೆಯ ಮೇಲೆ ಬಣ್ಣವೇನು, ಅದು ಶುರುವಾಗುವಾಗಿನ ಸಂಗೀತವೇನು! ಇಡೀ ಸಿಬ್ಬಂದಿಯನ್ನು ಕರೆದು ಮೂರು ಸಲ ಶುರು ಮಾಡಿ ತೋರಿಸಿದೆ. ಮರುದಿನ ಹಾಲ್ ಟಿಕೆಟ್ ಅಚ್ಚು ಹಾಕಲು ಹೋದರೆ ಕನ್ನಡದ ಅಕ್ಷರ ಇರಬೇಕಾದಲ್ಲೆಲ್ಲ ಸಾಲಾಗಿ ಸಣ್ಣ ಸಣ್ಣ ಚೌಕದ ಡಬ್ಬಿಗಳು ಬಂದವು. ಅಷ್ಟಕ್ಕೇ ಮುಗಿಯಲಿಲ್ಲ. ಆ ಡಬ್ಬಿಗಳನ್ನು ಒಂದು ಪುಟ ಅಚ್ಚು ಹಾಕಿದ ಮೇಲೆ ಪ್ರಿಂಟರು ಪೂರ್ತಿ ಮೂಕವಾಯಿತು, ಹೊಸ ಸಿಸ್ಟಮ್ಮಿಗೆ ಮತ್ತೆ ಅದರ ಗುರುತು ಸಿಗಲಿಲ್ಲ.

ಪ್ರಿನ್ಸಿಪಾಲರು ಆ ಒಂದು ಪುಟವನ್ನು ಬಹಳ ಹೊತ್ತು ನೋಡಿದರು. "ಕಮಲಾಬಾಯಿ, ಹುಡುಗರಿಗಿ ಈ ಡಬ್ಬಿ ಕೊಟ್ಟು, ನಿಮ್ಮ ನಿಮ್ಮ ಹೆಸರು ನೀವೇ ತುಂಬ್ಕೊಳ್ರಿ ಅಂತ ಹೇಳ್ಬೇಕೇನು?" ಎಂದರು.

ಕೊನೆಗೆ ನಾನು ಕಲಿತ ಟೈಪಿಂಗ್ ಶಾಲೆಗೇ ಹೋಗಿ, ಮೂರು ಹಳೆಯ ಟೈಪ್‌ರೈಟರು ಮತ್ತು ನನ್ನ ಜೊತೆ ಕಲಿತ ಇಬ್ಬರು ಗೆಳತಿಯರನ್ನು ಕರೆತಂದು, ಎರಡು ದಿನ ಬೆರಳು ಬಾತುಕೊಳ್ಳುವ ತನಕ ಕುಟ್ಟಿದೆವು. ಹೊಸ ಕಂಪ್ಯೂಟರು ಪಕ್ಕದಲ್ಲಿ ಬಣ್ಣ ತೋರಿಸುತ್ತ ಕೂತಿತ್ತು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಸಿಸ್ಟಮ್ ಹೊಸದಾಗುವುದು ಕಂಪ್ಯೂಟರಿನ ಒಳಗೆ, ತೊಂದರೆ ಬರುವುದು ಅದರ ಬಾಲಕ್ಕೆ. ಬಾಲ ಅಂದರೆ ಹಿಂದೆ ಸಿಕ್ಕಿಸಿರುವ ಪ್ರಿಂಟರು, ಸ್ಕ್ಯಾನರು, ಹೆಬ್ಬೆಟ್ಟಿನ ಯಂತ್ರ, ಇನ್ನೇನೇನೋ. ಅವುಗಳನ್ನು ಮಾಡಿದವರು ಬೇರೆ, ಸಿಸ್ಟಮ್ ಮಾಡಿದವರು ಬೇರೆ. ಇವರು ಹೊಸದನ್ನು ಬಿಟ್ಟ ದಿನ ಅವರು ಇನ್ನೂ ಹಳೆಯದರಲ್ಲೇ ಇರುತ್ತಾರೆ. ಅವರು ಬಂದು ಸೇರಲು ತಿಂಗಳುಗಳು ಬೇಕು. ಅಲ್ಲಿಯ ತನಕ ಕಾಯಬೇಕು. ಇಷ್ಟು ಸರಳ ವಿಷಯವನ್ನು ನಾನು ಅವತ್ತೇ ಕಲಿತೆ, ಆಮೇಲೆ ಇಪ್ಪತ್ತೈದು ವರ್ಷ ಬೇರೆಯವರಿಗೆ ಪಾಠವನ್ನೂ ಮಾಡಿದೆ. ಪಾಲಿಸಿದ್ದು ಮಾತ್ರ ಕಡಿಮೆ.

ಪಾಲಿಸಿದವನು ಗೌಸ್‌ಸಾಬ್. ಸುರಪುರದ ಹೈಸ್ಕೂಲಿನಲ್ಲಿ ಪ್ರಯೋಗಶಾಲೆಯ ಸಹಾಯಕ. ಕಂಪ್ಯೂಟರ್ ಬಂದ ಮೇಲೆ ಅದೂ ಅವನ ಪಾಲಿಗೆ ಬಂತು. ನನಗಿಂತ ಎಂಟು ವರ್ಷ ಚಿಕ್ಕವನು. ಅವನು ಕಂಪ್ಯೂಟರಿನ ನೆತ್ತಿಗೆ ಒಂದು ಚೀಟಿ ಅಂಟಿಸಿದ್ದ: "ಇದು ಚಾಲೂ ಐತಿ. ಮುಟ್ಟಬ್ಯಾಡ್ರಿ." ಆ ಚೀಟಿ ಮುಖ್ಯವಾಗಿ ನನಗಾಗಿ ಎಂಬುದು ಇಡೀ ಶಾಲೆಗೆ ಗೊತ್ತಿತ್ತು. ಸಂಸ್ಥೆ ಕೆಲವು ವರ್ಷದ ಹಿಂದೆ ಒಂದೇ ತರದ ಮೂರು ಕಂಪ್ಯೂಟರುಗಳನ್ನು ಒಂದೇ ದಿನ ತರಿಸಿ ಮೂರು ಊರಿಗೆ ಒಂದೊಂದು ಕೊಟ್ಟಿತ್ತು. ಯಾದಗಿರಿಯದನ್ನೂ ಶಹಾಪುರದ್ದನ್ನೂ ನಾನು ಏನೇನೋ ಮಾಡಿದೆ. ಸುರಪುರದ್ದನ್ನು ಮುಟ್ಟಲು ಹೋದಾಗಲೆಲ್ಲ ಗೌಸ್‌ಸಾಬ್ ಚಹಾ ತರಿಸುತ್ತಿದ್ದ, ಚಹಾ ಕುಡಿಯುವಷ್ಟರಲ್ಲಿ ನನ್ನ ಬಸ್ಸಿನ ಹೊತ್ತಾಗುತ್ತಿತ್ತು.

"ಅಕ್ಕಾರ, ಅದಕ್ಕೇನೂ ಜಡ್ಡಿಲ್ಲ. ಯಾಕ ದವಾ ಹಾಕ್ತೀರಿ?" ಎನ್ನುವುದು ಅವನ ವಾದ.

"ಕಾಲ ಮುಂದ ಹೋಗ್ಯಾದ ಗೌಸ್‌ಸಾಬ್. ನೀವು ಹಿಂದ ಉಳದ್ರಿ," ಎಂದು ನಾನು ರೇಗುತ್ತಿದ್ದೆ. ಒಮ್ಮೆ ಸಿಟ್ಟಿನಲ್ಲಿ, ಇವನು ಬದಲಾವಣೆಗೆ ಅಡ್ಡಿ ಮಾಡುತ್ತಾನೆ ಎಂದು ಶರಣಗೌಡರಿಗೆ ಲಿಖಿತ ದೂರನ್ನೂ ಕೊಟ್ಟೆ. ಅದಕ್ಕಾಗಿ ಈಗಲೂ ನಾಚಿಕೆಯಾಗುತ್ತದೆ.

ಕೆಲಸದ ಕ್ರಮವೂ ಈ ವರ್ಷಗಳಲ್ಲಿ ಪೂರ್ತಿ ಬದಲಾಯಿತು. ಮೊದಲು ಹೊಸ ಸಿಸ್ಟಮ್ ಬೇಕೆಂದರೆ ಅರ್ಜಿ ಬರೆಯಬೇಕು, ಮಂಜೂರಾಗಬೇಕು, ಡಿಸ್ಕು ಹೈದರಾಬಾದಿನಿಂದಲೋ ಕಲಬುರಗಿಯಿಂದಲೋ ಬರಬೇಕು. ಅಷ್ಟರಲ್ಲಿ ಜಗತ್ತಿನ ಬೇರೆ ಮಂದಿ ಅದನ್ನು ಹಾಕಿಕೊಂಡು, ಬಿದ್ದು, ಎದ್ದು, ಅದರ ರಿಪೇರಿಯೂ ಆಗಿರುತ್ತಿತ್ತು. ನಮ್ಮ ಊರಿನ ತಡವೇ ನಮ್ಮನ್ನು ಕಾಯುತ್ತಿತ್ತು. ಈಗ ಅದು ಇಂಟರ್‌ನೆಟ್ಟಿನ ತಂತಿಯಲ್ಲಿ, ಬಿಟ್ಟಿಯಾಗಿ, ಬಿಡುಗಡೆಯಾದ ದಿನವೇ ಶಹಾಪುರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಗೂ ಬಂದು ಬಾಗಿಲು ಬಡಿಯುತ್ತದೆ. ಒಂದು ಗುಂಡಿ ಒತ್ತಿದರೆ ಸಾಕು. ನನ್ನಂಥವಳ ಕೈಗೆ ಇದಕ್ಕಿಂತ ಅಪಾಯದ ಅನುಕೂಲ ಸಿಗಬಾರದಿತ್ತು.

ಇನ್ನು ದೊಡ್ಡ ತಪ್ಪಿನ ಕಥೆಗೆ ಬರುತ್ತೇನೆ. ಅದು ನಡೆದದ್ದು ಇಷ್ಟೆಲ್ಲ ಅನುಭವ ಆದ ಮೇಲೆ, ನಿವೃತ್ತಿಗೆ ನಾಲ್ಕು ತಿಂಗಳು ಉಳಿದಿದ್ದಾಗ, ದಸರೆಯಲ್ಲಿ.

ನಮ್ಮ ಕಡೆ ಮಹಾನವಮಿಯ ದಿನ ಖಂಡೆ ಪೂಜೆ. ರೈತ ನೇಗಿಲಿಗೆ, ಬಡಿಗ ಉಳಿಗೆ, ಡ್ರೈವರ್ ಲಾರಿಗೆ ಪೂಜೆ ಮಾಡುವಂತೆ ಶರಣಗೌಡರು ಸಂಸ್ಥೆಯ ಪ್ರತಿ ಕಂಪ್ಯೂಟರಿಗೂ ಮಾಡಿಸುತ್ತಿದ್ದರು. ಒರೆಸಿ, ವಿಭೂತಿ ಎಳೆದು, ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆಯುವುದು. ಒಮ್ಮೆ ಪೂಜೆ ಆಯಿತೆಂದರೆ ಮರುದಿನ ವಿಜಯದಶಮಿಯ ಸಂಜೆ ಬನ್ನಿ ಎಲೆ ಕೊಟ್ಟು ತೆಗೆದುಕೊಳ್ಳುವ ತನಕ ಅವನ್ನು ಮುಟ್ಟುವಂತಿಲ್ಲ. ಆಯುಧಕ್ಕೆ ಅದು ವಿಶ್ರಾಂತಿ. ಬನ್ನಿಯ ಮರುದಿನವೇ ಶಹಾಪುರದ ದವಾಖಾನೆಯಲ್ಲಿ ಕಣ್ಣಿನ ಶಿಬಿರ ಇತ್ತು. ಇಪ್ಪತ್ತೆರಡು ಮಂದಿಗೆ ಪೊರೆಯ ಶಸ್ತ್ರಚಿಕಿತ್ಸೆ.

ಹೊಸ ಸಿಸ್ಟಮ್ ಹೊರಬಂದು ಎರಡು ವಾರವೂ ಆಗಿರಲಿಲ್ಲ. ಶರಣಗೌಡರಿಗೆ ಈಗ ಎಪ್ಪತ್ತಾರು, ಹೊಸದರ ಹುಚ್ಚು ಇಳಿದಿಲ್ಲ. ಫೋನು ಮಾಡಿದರು. "ಕಮಲಾಬಾಯಿ, ಹೊಸಾದು ಬಂದದಂತಲ್ಲ. ಖಂಡೆ ಪೂಜಿ ದಿನ ಮುಂಜಾನಿ ಶಹಾಪುರದಾಗ ಹಾಕ್ರಿ, ಮ್ಯಾಲ ಪೂಜಿ ಮಾಡೂಣು. ಹಳಿ ಸಿಸ್ಟಮ್ಮಿಗಿ ಎಷ್ಟು ವರ್ಷ ಅಂತ ಕಾಯಿ ಒಡಿಯೂದು?"

ಬೇಡ ಎನ್ನಬೇಕಿತ್ತು. ಅವರು ಕೇಳುತ್ತಿದ್ದರು, ನನ್ನ ಮಾತನ್ನು ಅವರು ಯಾವತ್ತೂ ತಳ್ಳಿಹಾಕಿದವರಲ್ಲ. ಆದರೆ ನನಗೂ ಬೇಕಿತ್ತು. ಹೋಗುವ ಮೊದಲು ಎಲ್ಲವನ್ನೂ ಹೊಸದು ಮಾಡಿಟ್ಟು ಹೋದಳು ಎನಿಸಿಕೊಳ್ಳುವ ಆಸೆ. ನವಮಿಯ ಬೆಳಿಗ್ಗೆ ಶಹಾಪುರಕ್ಕೆ ಹೋಗಿ ಹಾಕಿದೆ. ಜಾಗ ಸಾಲದು ಎಂದಿತು. ಕಂಪ್ಯೂಟರಿನ ಜೊತೆಗೇ ಬಂದಿದ್ದ ಹಳೆಯ ಸಿಸ್ಟಮ್ಮಿನ ಮೂಲಪ್ರತಿ ಡಿಸ್ಕಿನ ಒಂದು ಮೂಲೆಯಲ್ಲಿತ್ತು. ಹಿಂದಕ್ಕೆ ಹೋಗಬೇಕಾದರೆ ಇದ್ದ ಒಂದೇ ದಾರಿ ಅದು. ಕಸ ಗುಡಿಸುವ ಹುಮ್ಮಸ್ಸಿನಲ್ಲಿ ಅದನ್ನೂ ಅಳಿಸಿದೆ. ಹೊಸದು ಚೆನ್ನಾಗಿ ಶುರುವಾಯಿತು. ಅಷ್ಟರಲ್ಲಿ ಭಟ್ಟರು ಬಂದರು, ಆರತಿ ಆಯಿತು, ಮಾಲೆ ಬಿತ್ತು. ಕಣ್ಣು ಅಳೆಯುವ ಯಂತ್ರವನ್ನು ಒಮ್ಮೆ ಹಚ್ಚಿ ನೋಡಬೇಕು ಎಂದು ನೆನಪಾದದ್ದು ಕಾಯಿ ಒಡೆದ ಮೇಲೆ. ಇನ್ನು ಮುಟ್ಟುವಂತಿಲ್ಲ. ಮರುದಿನ ಸಂಜೆ ಮುಟ್ಟಬಹುದಿತ್ತು, ಆದರೆ ಆಗ ನಾನು ಯಾದಗಿರಿಯಲ್ಲಿ ಮನೆಮನೆಗೆ ಹೋಗಿ ಬನ್ನಿ ಕೊಟ್ಟು, ಬಂಗಾರದ ಹಾಗೆ ಇರೋಣ ಎಂದು ಹೇಳುತ್ತಿದ್ದೆ.

ಶಿಬಿರದ ದಿನ ಎಂಟೂವರೆಗೆ ದವಾಖಾನೆಯಲ್ಲಿದ್ದೆ. ಪಡಸಾಲೆಯ ಉದ್ದಕ್ಕೂ ಜನ. ಶಸ್ತ್ರಚಿಕಿತ್ಸೆ ಮಾಡಬೇಕಾದ ಕಣ್ಣಿನ ಹುಬ್ಬಿನ ಮೇಲೆ ಪಟ್ಟಿ ಅಂಟಿಸಿ, ಔಷಧಿಯ ಹನಿ ಹಾಕಿ, ಎಲ್ಲರನ್ನೂ ಕಣ್ಣು ಮುಚ್ಚಿಸಿ ಕೂಡಿಸಿದ್ದರು. ಮೊದಲನೆಯವಳು ಕಕ್ಕೇರಾದ ಹಣಮವ್ವ, ಎಪ್ಪತ್ತು ದಾಟಿದವಳು. ಸೊಸೆ ಮಲ್ಲಮ್ಮ ಕೈ ಹಿಡಿದು ಕರೆತಂದಿದ್ದಳು. ಎರಡೂ ಕಣ್ಣಿಗೆ ಪೊರೆ, ಈ ಸಲ ಬಲಗಣ್ಣಿನ ಸರದಿ. ನಾನು ಹೆಸರು ಬರೆದುಕೊಂಡು ಏನು ಕೆಲಸ ಮಾಡುತ್ತೀ ಎಂದು ಕೇಳಿದೆ.

"ಹಳೇ ಸೀರಿ ಕೂಡಿಸಿ ಕೌದಿ ಹೊಲಿತೀನಿ ಯವ್ವಾ. ಈಗ ಕಣ್ಣು ಇಲ್ಲ, ಕೈಲೆ ತಡವಿ ತಡವಿ ಹೊಲಿತೀನಿ. ಮಧ್ಯಾನ್ನ ನಾ ಮಕ್ಕೊಂಡಾಗ ಸೊಸಿ ಅದನ್ನ ಬಿಚ್ಚಿ ಮತ್ತ ಹೊಲಿತಾಳ. ನನಗ ಗೊತ್ತೈತಿ. ಗೊತ್ತಿಲ್ಲದಂಗ ಇದ್ದೀನಿ."

ಮಲ್ಲಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ನಾವು ಮೂವರೂ ನಕ್ಕೆವು. ಹಾಗೇ ನಗುತ್ತಲೇ ನಾನು ಯಂತ್ರ ಹಚ್ಚಿದೆ.

ಪೊರೆ ತೆಗೆದ ಮೇಲೆ ಕಣ್ಣಿನೊಳಗೆ ಹಾಕುವ ಲೆನ್ಸು ಎಲ್ಲರಿಗೂ ಒಂದೇ ಅಲ್ಲ. ಕಣ್ಣಿನ ಉದ್ದ ಅಳೆದು, ಅದರಂತೆ ನಂಬರು ತೆಗೆದು, ಆ ನಂಬರಿನ ಲೆನ್ಸೇ ಹಾಕಬೇಕು. ಅಳೆಯುವುದು ಯಂತ್ರ, ನಂಬರು ಹೇಳುವುದು ಕಂಪ್ಯೂಟರು. ಹಣಮವ್ವ ಗದ್ದ ಊರಿ ಕೂತಳು. ತೆರೆಯ ಮೇಲೆ, ಯಾವ ಸಾಧನವೂ ಸಿಗಲಿಲ್ಲ ಎಂದು ಬಂತು. ತಂತಿ ಕಿತ್ತು ಹಾಕಿದೆ. ಸಿಗಲಿಲ್ಲ. ಆರಿಸಿ ಹಚ್ಚಿದೆ. ಸಿಗಲಿಲ್ಲ. ಯಂತ್ರದ ಕಂಪನಿಗೆ ಫೋನು ಮಾಡಿದರೆ, ಹೊಸ ಸಿಸ್ಟಮ್ಮಿಗೆ ಒಪ್ಪುವ ಪ್ರೋಗ್ರಾಂ ಇನ್ನೂ ತಯಾರಾಗುತ್ತಿದೆ, ಮೂರು ತಿಂಗಳು ಬೇಕು, ನಿಮಗೆ ಇಷ್ಟು ಬೇಗ ಹಾಕಲು ಯಾರು ಹೇಳಿದರು ಎಂದು ಕೇಳಿದರು.

ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರ್ ಪದ್ಮಾ ಹೈದರಾಬಾದಿನಿಂದ ಬೆಳಗಿನ ರೈಲಿಗೆ ಬಂದಿದ್ದರು, ಸಂಜೆ ಯಾದಗಿರಿಯಿಂದಲೇ ಹಿಂತಿರುಗಬೇಕಿತ್ತು. ಮುಂದಿನ ಶಿಬಿರ ಆರು ತಿಂಗಳ ನಂತರ. ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಬೈಯಲಿಲ್ಲ.

"ಅಂದಾಜಿನ ಮ್ಯಾಲ ಲೆನ್ಸ್ ಹಾಕಂಗಿಲ್ಲಮ್ಮ. ಚಸ್ಮಾ ಆದ್ರ ನಾಳಿ ಬದಲಿ ಮಾಡಬಹುದು, ಇದು ಜನ್ಮ ಪೂರ್ತಿ ಒಳಗ ಇರೋದು. ಹನ್ನೆರಡರ ತನಕ ನೋಡ್ತೀನಿ. ಆಮೇಲೆ ಸುರು ಮಾಡಿದ್ರ ಮುಗಸೋದು ಆಗಂಗಿಲ್ಲ."

ಶರಣಗೌಡರು ಶಿಬಿರ ಉದ್ಘಾಟನೆಗೆಂದು ಹೊಸ ರುಮಾಲು ಸುತ್ತಿಕೊಂಡು ಬಂದಿದ್ದರು. ಸುದ್ದಿ ಕೇಳಿ ಅವರ ಮುಖ ಸಣ್ಣದಾಯಿತು. ಮೆಲ್ಲಗೆ, "ಕರೆಂಟ್ ಹೋಗ್ಯಾದ ಅಂತ ಹೇಳಿಬಿಡ್ರಿ," ಎಂದರು. ನಮ್ಮಿಬ್ಬರ ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು. ಅವರೂ ಮೇಲೆ ನೋಡಿದರು.

ಪಡಸಾಲೆಗೆ ಹೋಗಿ ನಿಂತೆ. ಇಪ್ಪತ್ತೆರಡು ಮಂದಿ ಕಣ್ಣು ಮುಚ್ಚಿ ಕೂತಿದ್ದರು. ಅವರು ನನ್ನನ್ನು ನೋಡುತ್ತಿಲ್ಲ ಎಂಬುದೇ ನನಗೆ ಸ್ವಲ್ಪ ಧೈರ್ಯ ಕೊಟ್ಟಿತು ಎಂದು ಒಪ್ಪಿಕೊಳ್ಳುತ್ತೇನೆ. "ಕಣ್ಣು ಅಳಿಯೋ ಮಷೀನ್ ನಡೀತಿಲ್ರಿ. ಅದು ಚಲೋ ಇತ್ತು. ನಾ ಹೊಸಾದು ಹಾಕಾಕ ಹೋಗಿ ಕೆಡಿಸೀನಿ. ತಪ್ಪು ನಂದು. ಹನ್ನೆರಡರ ಒಳಗ ಸರಿ ಮಾಡಾಕ ನೋಡ್ತೀನಿ. ಆಗ್ಲಿಲ್ಲಂದ್ರ ಇವತ್ತು ಆಪರೇಶನ್ ಆಗಂಗಿಲ್ಲ," ಎಂದೆ.

ಹಣಮವ್ವ ನನ್ನ ಧ್ವನಿ ಬಂದ ಕಡೆಗೆ ಮುಖ ತಿರುಗಿಸಿದಳು.

"ಹೊಲಿದದ್ದು ಸೊಟ್ಟ ಬಿದ್ದೈತಿ, ಅಷ್ಟೇ ಹೌದಲ್ಲ? ನಮ್ಮ ಸೊಸಿ ದಿನಾ ಬಿಚ್ಚತಾಳ. ನೀನೂ ಬಿಚ್ಚು ಹೋಗವ್ವ. ನಾವು ಕುಂತಿರ್ತೀವಿ."

ಆ ಮಾತಿನಿಂದಲೇ ಎಂದು ಕಾಣುತ್ತದೆ, ತಲೆ ಓಡಿತು. ಬಿಚ್ಚಲು ನನ್ನ ಕಂಪ್ಯೂಟರಿನಲ್ಲಿ ಹಳೆಯದೇನೂ ಉಳಿದಿರಲಿಲ್ಲ. ಆದರೆ ಅದರ ಅವಳಿ ಜವಳಿ ಒಂದು ಸುರಪುರದಲ್ಲಿ, ನೆತ್ತಿಯ ಮೇಲೆ ಚೀಟಿ ಅಂಟಿಸಿಕೊಂಡು, ಮೊದಲ ದಿನ ಹೇಗಿತ್ತೋ ಹಾಗೇ ಕೂತಿತ್ತು. ಗೌಸ್‌ಸಾಬನಿಗೆ ಫೋನು ಮಾಡಿದೆ. ರಜೆಯ ದಿನ, ಮನೆಯಲ್ಲಿದ್ದ.

"ಅಕ್ಕಾರ, ಅದನ್ನ ತಗದು ಒಗಿ ಅಂತ ಹತ್ತು ಸಲ ಹೇಳೀರಿ. ಈಗ ತಗೊಂಡು ಬಾ ಅಂತೀರಿ."

"ಹೌದು ಗೌಸ್‌ಸಾಬ್. ತಪ್ಪಾತು. ತಗೊಂಡು ಬರ್ರಿ."

"ಬರ್ತೀನಿ ಬಿಡ್ರಿ. ಅದಕ್ಕೂ ಇಲ್ಲಿ ಪೂಜಿ ಮಾಡ್ಯಾರ. ಈಗ ಎತ್ತಬಹುದೇನು? ನಿಮ್ಮ ಬನ್ನಿ ಆತಲ್ಲ?"

"ಆತು, ಜಲ್ದಿ ಬರ್ರಿ," ಎಂದೆ. ಆತುರದಲ್ಲಿ ನಾನು ಮರೆತ ಕ್ರಮವನ್ನು ಅವನು ಕೇಳಿ ತಿಳಿದುಕೊಂಡು ಮುಟ್ಟುತ್ತಿದ್ದ.

ಹತ್ತು ಮುಕ್ಕಾಲಿಗೆ ಗೌಸ್‌ಸಾಬ್ ಕಂಪ್ಯೂಟರಿನ ಪೆಟ್ಟಿಗೆಯನ್ನು ಚಾದರದಲ್ಲಿ ಸುತ್ತಿ ಎದೆಗೆ ಅವುಚಿಕೊಂಡು ಬಂದ. ಒಳಗಿನಿಂದ ಒಣಗಿದ ಚೆಂಡುಹೂವು ಉದುರುತ್ತಿತ್ತು. ಬಸ್ಸಿನಲ್ಲಿ ಕಂಡಕ್ಟರ್ ಲಗೇಜಿನ ಟಿಕೆಟ್ ಕೇಳಿದನಂತೆ. "ಇದು ಲಗೇಜ್ ಅಲ್ರಿ, ಪೇಷಂಟ್. ದವಾಖಾನಿಗಿ ಒಯ್ಯಾಕತ್ತೀನಿ ಅಂದೆ. ತೊಡಿ ಮ್ಯಾಲ ಇಟ್ಕೋ ಅಂದ," ಎಂದು ನಗುತ್ತ ಹೇಳಿದ. ನನಗೆ ನಗಲು ಪುರಸೊತ್ತು ಇರಲಿಲ್ಲ.

ಯಂತ್ರದ ತಂತಿಯನ್ನು ಅದಕ್ಕೆ ಸಿಕ್ಕಿಸಿದೆವು. ಯಂತ್ರದ ಪೆಟ್ಟಿಗೆಯಲ್ಲಿದ್ದ ಡಿಸ್ಕಿನಿಂದ ಅಳತೆಯ ಪ್ರೋಗ್ರಾಂ ಹಾಕಲು ಹೋದರೆ, ಯಂತ್ರದ ಗುರುತಿನ ಸಂಖ್ಯೆ ಕೊಡಿ ಎಂದಿತು. ಬರೆದಿಟ್ಟಿದ್ದೀರೇನು ಎಂದು ಗೌಸ್‌ಸಾಬ್ ಕೇಳಿದ. ಬರೆದಿಟ್ಟಿರಲಿಲ್ಲ. ಸಂಖ್ಯೆಯ ಪಟ್ಟಿ ಯಂತ್ರದ ಮುಂಬದಿಯಲ್ಲೇ ಇತ್ತು, ಆದರೆ ಅದರ ಮೇಲೆ ನಾವು ನವಮಿಯ ದಿನ ಭಕ್ತಿಯಿಂದ ವಿಭೂತಿ ಎಳೆದು, ಕುಂಕುಮ ಮೆತ್ತಿದ್ದೆವು, ಅದು ಒಣಗಿ ಗಟ್ಟಿಯಾಗಿತ್ತು. ಉಜ್ಜಿದರೆ ಅಂಕಿಯೇ ಅಳಿಸಿಹೋಗುವ ಭಯ. ನರ್ಸ್ ಬಂದು ಹತ್ತಿಗೆ ಸ್ಪಿರಿಟ್ ಹಚ್ಚಿ, ಗಾಯ ತೊಳೆಯುವ ಹಾಗೆ ಮೆಲ್ಲಗೆ ಒರೆಸಿದಳು. ಒಂದೊಂದೇ ಅಂಕಿ ಕಾಣಿಸಿತು. ಶರಣಗೌಡರು ಪಕ್ಕದಲ್ಲಿ ನಿಂತು ಅವನ್ನು ಗಟ್ಟಿಯಾಗಿ ಓದಿದರು, ನಾನು ಒತ್ತಿದೆ.

ಹನ್ನೊಂದೂವರೆಗೆ ಯಂತ್ರ ಕೂಗಿತು. ಡಾಕ್ಟರು ಅಷ್ಟಕ್ಕೇ ಒಪ್ಪಲಿಲ್ಲ. ಹಿಂದಿನ ವರ್ಷ ಇದೇ ಯಂತ್ರದಲ್ಲಿ ನನ್ನ ಕಣ್ಣನ್ನೂ ಅಳೆದು ಫೈಲಿನಲ್ಲಿ ಬರೆದಿದ್ದರು. ನನ್ನನ್ನೇ ಕೂಡಿಸಿ ಮತ್ತೆ ಅಳೆದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಒಂದೇ ಇತ್ತು. "ಹಣಮವ್ವನ್ನ ಕರೀರಿ," ಎಂದರು. ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಸಂಜೆ ಅವರು ರೈಲಿಗೆ ಹೊರಡುವ ಹೊತ್ತಿಗೆ ಇಪ್ಪತ್ತೆರಡೂ ಮುಗಿದಿತ್ತು. ನಾನು ಮೂಲೆಯಲ್ಲಿ ಕೂತು ಸ್ವಲ್ಪ ಅತ್ತೆ. ಗೌಸ್‌ಸಾಬ್ ಚಹಾ ತರಿಸಿದ. ಅವನ ಮೇಲೆ ನಾನು ಕೊಟ್ಟಿದ್ದ ದೂರಿನ ವಿಷಯ ಅವನಿಗೆ ಮೊದಲಿನಿಂದಲೂ ಗೊತ್ತಿತ್ತು ಎಂದು ಅವತ್ತು ಹೇಳಿದ.

ಈ ಕೆಲಸಕ್ಕೆ ಬರುವವರು ನಿಯಮವೇನು ಎಂದು ಕೇಳಿದರೆ ನನ್ನ ಹತ್ತಿರ ಹೆಚ್ಚೇನೂ ಇಲ್ಲ. ಹೊಸದನ್ನು ಹಾಕಿ, ಹಾಕಲೇಬೇಕು, ಹಳೆಯದರಲ್ಲೇ ಕೊನೆಯ ತನಕ ಕೂಡುವುದೂ ಅಪಾಯವೇ. ಆದರೆ ಹಿಂದಕ್ಕೆ ಬರುವ ದಾರಿ ಇಟ್ಟುಕೊಂಡು ಹಾಕಿ. ಬಾಲದಲ್ಲಿ ಏನೇನಿದೆ ಎಂದು ಬರೆದಿಟ್ಟು ಹಾಕಿ. ಎಲ್ಲಕ್ಕಿಂತ ಮೊದಲು, ಈ ಯಂತ್ರದ ಮುಂದೆ ನಾಳೆ ಬಂದು ಕೂಡುವವರು ಯಾರು ಎಂದು ಒಮ್ಮೆ ಕೇಳಿಕೊಳ್ಳಿ. ನಾನು ತೆರೆಯನ್ನು ನೋಡಿದೆ, ಕುರ್ಚಿಯನ್ನು ನೋಡಲಿಲ್ಲ.

ಮರುದಿನ ಪಟ್ಟಿ ಬಿಚ್ಚುವಾಗ ಹೋಗಿದ್ದೆ. ಹಣಮವ್ವ ಕಣ್ಣು ಪಿಳಿಪಿಳಿ ಮಾಡಿ ಮೊದಲು ಸೊಸೆಯನ್ನು ನೋಡಿದಳು, ಆಮೇಲೆ ನನ್ನನ್ನು.

"ತಪ್ಪು ನಂದು ಅಂದಾಕಿ ನೀನೇನು? ಧ್ವನಿ ಕೇಳಿ ಯಾವುದೋ ಸಣ್ಣ ಹುಡುಗಿ ಅಂದ್ಕೊಂಡಿದ್ದೆ. ನೀನೂ ಮುದುಕೀನೇ ಆಗೀಯಲ್ಲ," ಎಂದಳು. ಎಲ್ಲರೂ ನಕ್ಕರು. ಆಮೇಲೆ ಕೇಳಿದಳು: "ಇನ್ನೊಂದು ಕಣ್ಣಿಗಿ ಬರ್ತೀನಿ. ಆಗೂ ಮಷೀನ್ ಮುಂದ ನೀನೇ ಇರ್ತೀಯೇನು?"

ಇರುತ್ತೇನೆ ಎಂದುಬಿಟ್ಟೆ. ಆ ಹೊತ್ತಿಗೆ ನಾನು ನಿವೃತ್ತಳಾಗಿರುತ್ತೇನೆ ಎಂಬುದು ಬಸ್ಸಿನಲ್ಲಿ ಕೂತ ಮೇಲೆ ನೆನಪಾಯಿತು.

ಫೆಬ್ರುವರಿಯಲ್ಲಿ ಶಾಲು ಹೊದಿಸಿ ಕಳಿಸಿಕೊಟ್ಟರು. ಚೈತ್ರದಲ್ಲಿ ಶಿಬಿರ ಬಂತು. ಯಾರೂ ಕರೆದಿರಲಿಲ್ಲ, ಮೊದಲ ಬಸ್ಸಿಗೆ ಶಹಾಪುರಕ್ಕೆ ಹೋದೆ. ನನ್ನ ಜಾಗಕ್ಕೆ ಬಂದ ಹುಡುಗಿ ಹಿಂದಿನ ಸಂಜೆಯೇ ಯಂತ್ರ ಹಚ್ಚಿ, ಅಳೆದು, ನೋಡಿಟ್ಟಿದ್ದಳು. ನಾನು ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತೆ. ಹೆಸರು ಕೂಗಿದಾಗ ಹಣಮವ್ವ ಬಂದಳು. ಮಲ್ಲಮ್ಮ ಎರಡು ಹೆಜ್ಜೆ ಹಿಂದೆ, ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡು ಬರುತ್ತಿದ್ದಳು. ಮುದುಕಿ ಹೊಸ್ತಿಲು ನೋಡಿ ದಾಟಿದಳು, ಚಪ್ಪಲಿಗಳ ರಾಶಿ ನೋಡಿ ಪಕ್ಕಕ್ಕೆ ಸರಿದಳು, ಯಾರ ಕೈಯನ್ನೂ ಹಿಡಿಯದೆ ಹೋಗಿ ಕುರ್ಚಿಯಲ್ಲಿ ಕೂತು, ಸುತ್ತ ಕಣ್ಣಾಡಿಸಿ ನನ್ನನ್ನು ಹುಡುಕಿ ತೆಗೆದಳು. "ಅದಾಳ ನೋಡು ನಮ್ಮ ಮುದುಕಿ," ಎಂದು ಸೊಸೆಗೆ ತೋರಿಸಿದಳು. ಯಂತ್ರ ಕೂಗಿತು, ನಂಬರು ಬಂತು. ಅವತ್ತು ಅಲ್ಲಿ ನನಗೆ ಮಾಡಲು ಕೆಲಸವೇನೂ ಇರಲಿಲ್ಲ.